ಮಳೆಗಾಲದ ಮನೆಯಲ್ಲೂ ಟೆಂಟಿನಲ್ಲೂ ಕಾರ್ಬನ್ ಮಾನಾಕ್ಸೈಡ್ ಅಲಾರಂ: ಒಂದು ವರ್ಷದ ಬಳಕೆಯ ಅನುಭವ

ಮಡಿಕೇರಿಯಿಂದ ಗಾಳಿಬೀಡಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದ್ದು, ಮನೆಯ ಎರಡು ಕೋಣೆಗಳನ್ನೂ ಅಂಗಳದಾಚೆಯ ಮೂರು ಟೆಂಟುಗಳನ್ನೂ ಹೋಂಸ್ಟೇಗೆ ಬಿಟ್ಟಿದ್ದೇವೆ. ಕಳೆದ ವರ್ಷ ಮಳೆ ಹಿಡಿಯುವ ಮುನ್ನ, ಬ್ಯಾಟರಿಯಿಂದ ನಡೆಯುವ, ಅಂಕಿ ತೋರಿಸುವ ಪುಟ್ಟ ಪರದೆಯಿರುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು 2,800 ರೂಪಾಯಿಗೆ ತರಿಸಿಕೊಂಡೆ. ಗ್ಯಾಸು, ಕೆಂಡ ಪೂರ್ತಿ ಉರಿಯದಾಗ ಹುಟ್ಟುವ ಈ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಜುಲೈ ತಿಂಗಳ ಒಂದು ಸಂಜೆ ಕರೆಂಟು ಹೋಗಿತ್ತು. ಬಚ್ಚಲುಮನೆಯ ಗ್ಯಾಸ್ ಗೀಸರ್‌ಗೆ ಕರೆಂಟು ಬೇಡ, ಆದರೆ ಎಕ್ಸಾಸ್ಟ್ ಫ್ಯಾನಿಗೆ ಬೇಕು. ಎರಚಲು ಹೊಡೆಯುತ್ತದೆಂದು ಕಿಟಕಿಯನ್ನೂ ಮುಚ್ಚಿದ್ದೆವು. ಅತ್ತೆಯವರು ಸ್ನಾನಕ್ಕೆ ಹೋಗಿದ್ದಾಗ ಹೊರಗಿನ ಓಣಿಯ ಗೋಡೆಯಲ್ಲಿದ್ದ ಅಲಾರಂ 64 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲದ ಪಾಲು ಎಷ್ಟೆಂಬ ಅಳತೆ) ತೋರಿಸುತ್ತಿರುವುದು ಟಾರ್ಚಿನ ಬೆಳಕಿಗೆ ಕಂಡಿತು. ಬಾಗಿಲು ಬಡಿದು ಅವರನ್ನು ಹೊರಗೆ ಕರೆದಾಗ, ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಎಂದರು. ಬೆರಳಿನ ಆಕ್ಸಿಮೀಟರ್ ಮಾತ್ರ 98 ತೋರಿಸಿತು. ಆ ಅಂಕಿಯನ್ನು ಇಂಥ ಹೊತ್ತಿನಲ್ಲಿ ಖಂಡಿತ ನಂಬಬಾರದು: ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಹಾಗೆ ಅಂಟಿಕೊಂಡಿದ್ದನ್ನು ಸಾಮಾನ್ಯ ಆಕ್ಸಿಮೀಟರ್ ಆಮ್ಲಜನಕವೆಂದೇ ಎಣಿಸಿಬಿಡುತ್ತದೆ. ಅವರನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ದೆವು; ರಾತ್ರಿಯ ಹೊತ್ತಿಗೆ ಚೇತರಿಸಿಕೊಂಡರು.

ಅಂದು ಅಲಾರಂ ಕೂಗಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅದು ಕೆಟ್ಟಿರಲಿಲ್ಲ. ಇಎನ್ 50291 ಎಂಬ ಯುರೋಪಿನ ಮಾನದಂಡದ ಪ್ರಕಾರ ಅಲಾರಂ 50 ಪಿಪಿಎಂ ಇದ್ದಾಗ 60ರಿಂದ 90 ನಿಮಿಷಗಳ ನಡುವೆ, 100 ಇದ್ದಾಗ 10ರಿಂದ 40 ನಿಮಿಷಗಳ ನಡುವೆ, 300 ಇದ್ದಾಗ ಮೂರು ನಿಮಿಷದೊಳಗೆ ಕೂಗಬೇಕು. ಪರದೆಯಿಲ್ಲದ ಅಗ್ಗದ ಮಾದರಿಯಾಗಿದ್ದರೆ ಆ 64 ನನಗೆ ಗೊತ್ತೇ ಆಗುತ್ತಿರಲಿಲ್ಲ. ಹಾಗಾಗಿ ಪರದೆಗಾಗಿ ಹೆಚ್ಚು ತೆತ್ತ ಹಣ ಸಾರ್ಥಕವೆಂದು ನಾನು ಖಚಿತವಾಗಿ ಹೇಳುತ್ತೇನೆ. ಗೀಸರನ್ನು ಮರುದಿನವೇ ಬಚ್ಚಲಿನ ಹೊರಗೋಡೆಗೆ ಸಾಗಿಸಿದೆವು.

ಟೆಂಟಿನ ವಿಷಯ ಇನ್ನೂ ಗಂಭೀರ. ಬೆಂಕಿ ಕಾಯಿಸುತ್ತಾ ಕುಳಿತ ಅತಿಥಿಗಳು ಮಳೆ ಸುರಿದೊಡನೆ ಕೆಂಡದ ಬಾಣಲೆಯನ್ನು ಒಳಗೆ ಒಯ್ಯಲು ಹೊರಡುತ್ತಾರೆ; ಹೊಗೆಯೇ ಇಲ್ಲವಲ್ಲ ಎಂಬುದು ಅವರ ವಾದ. ಒಮ್ಮೆ ಖಾಲಿ ಟೆಂಟಿನೊಳಗೆ ಅಲಾರಮ್ಮನ್ನೂ ಬೂದಿ ಮುಚ್ಚಿದ ಅರ್ಧ ಬಾಣಲೆ ಕೆಂಡವನ್ನೂ ಇಟ್ಟು, ಜಿಪ್ ಎಳೆದು, ಅವರೊಂದಿಗೆ ಹೊರಗೆ ನಿಂತೆ. ಸ್ವಲ್ಪ ಹೊತ್ತಿಗೇ ಅದು ಕೂಗಿತು. ಜಿಪ್ ತೆರೆದು ಹೊರಗಿನಿಂದಲೇ ಇಣುಕಿದಾಗ ಅಂಕಿ 300 ದಾಟಿತ್ತು, ಹೊಗೆಯ ಎಳೆಯೂ ಇರಲಿಲ್ಲ. ಅಲಾರಂ ಇದೆಯೆಂದು ಟೆಂಟಿನಲ್ಲಿ ಕೆಂಡ ಇಡಬಹುದೆಂದು ಯಾರೂ ಭಾವಿಸಬಾರದು. ನಮ್ಮ ಹಿರಿಯರು ಕೋಣೆಯಲ್ಲಿ ಕೆಂಡ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಹೆಂಚಿನ ಸಂದುಗಳಲ್ಲಾದರೂ ಗಾಳಿಯಾಡುತ್ತಿತ್ತು. ಇಂದಿನ ತಾರಸಿ ಮನೆಯ ಬಿಗಿಯಾದ ಕಿಟಕಿಗಳಲ್ಲಿ ಅಷ್ಟೂ ಇಲ್ಲ.

ಇದರ ಜೊತೆ ಕೊಂಡ ಹೊಗೆ ಅಲಾರಂ ಬೇರೆಯೇ ವಸ್ತು. ಅದು ಹೊಗೆಯ ಕಣಗಳನ್ನು ಬೆಳಕಿನ ಕಿರಣದಿಂದ ಗುರುತಿಸುತ್ತದೆ, ಕಾರ್ಬನ್ ಮಾನಾಕ್ಸೈಡ್ ಅದಕ್ಕೆ ತಿಳಿಯದು. ಕಿಟಕಿಯಿಂದ ಮಂಜು ನುಗ್ಗಿದ ಎರಡು ಬೆಳಗುಗಳಲ್ಲಿ ಸುಮ್ಮಸುಮ್ಮನೆ ಕೂಗಿದ್ದರಿಂದ, ಅದನ್ನು ಕಿಟಕಿಯಿಂದ ದೂರಕ್ಕೆ, ಮಲಗುವ ಕೋಣೆಯ ಸೂರಿನ ನಡುವಿಗೆ ಬದಲಾಯಿಸಿದೆ. ಇವೆರಡೂ ಸಿಲಿಂಡರ್ ಸೋರಿಕೆಯನ್ನು ಹಿಡಿಯುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅದರ ಅಲಾರಂ ನೆಲದ ಹತ್ತಿರ ಇರಬೇಕು.

ದೋಷಗಳೂ ಇವೆ. ಜೊತೆಗೆ ಬಂದ ಅಂಟುಪಟ್ಟಿ ನಮ್ಮ ತೇವದ ಗೋಡೆಯಲ್ಲಿ ಹತ್ತು ದಿನ ನಿಲ್ಲಲಿಲ್ಲ, ಸ್ಕ್ರೂ ಹಾಕಬೇಕಾಯಿತು. ಆಗಸ್ಟಿನಲ್ಲಿ ಬ್ಯಾಟರಿಯ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಟೆಸ್ಟ್ ಗುಂಡಿ ಒತ್ತಿದರೆ ಶಬ್ದ ಬರುತ್ತದೆ, ಆದರೆ ಅದು ಬ್ಯಾಟರಿ ಮತ್ತು ಸರ್ಕ್ಯೂಟ್ ಸರಿಯಿದೆಯೆಂದಷ್ಟೇ ಹೇಳುತ್ತದೆ, ಒಳಗಿನ ಸೆನ್ಸರಿನ ಸ್ಥಿತಿಯನ್ನಲ್ಲ. ಸೆನ್ಸರಿಗೆ ಆಯುಷ್ಯವಿದ್ದು, ಬದಲಾಯಿಸಬೇಕಾದ ವರ್ಷವನ್ನು ಹಿಂಬದಿಯಲ್ಲಿ ತೀರಾ ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದಾರೆ. ಇಷ್ಟಿದ್ದರೂ ಇದೇ ಮಾದರಿಯ ಇನ್ನೂ ಮೂರನ್ನು ಈ ಮಳೆಗಾಲಕ್ಕೆ ಟೆಂಟುಗಳಿಗಾಗಿ ತರಿಸಿದ್ದೇನೆ, ಮತ್ತು ಆ ವರ್ಷವನ್ನು ಮಾರ್ಕರಿನಿಂದ ದಪ್ಪಗೆ ಒಂದೊಂದರ ಮುಂಬದಿಯಲ್ಲೇ ಬರೆದಿಟ್ಟಿದ್ದೇನೆ.