ಗೆಣಸಿಗೆ ಲಘು ಪೋಷಕಾಂಶದ ಪುಡಿ: ಒಂದು ಬೆಳೆಯ ಅನುಭವ

ಕುಶಾಲನಗರದ ಅಂಗಡಿಯೊಂದರಿಂದ ತಂದ ಲಘು ಪೋಷಕಾಂಶದ (ಗಿಡಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಸಾಕಾಗುವ ಸತು, ಬೋರಾನ್, ತಾಮ್ರದಂಥವುಗಳ) ಪುಡಿಯನ್ನು ಸೋಮವಾರಪೇಟೆ ಬಳಿ ಹಳೆಯ ಕಾಫಿ ಗಿಡಗಳನ್ನು ಕಿತ್ತ ಜಾಗದಲ್ಲಿ ಬೆಳೆದ ಸಿಹಿಗೆಣಸಿಗೆ ಬಳಸಿ ನೋಡಿದ್ದೇನೆ. ಹನ್ನೆರಡು ಸಾಲುಗಳಲ್ಲಿ ಆರಕ್ಕೆ ಮಾತ್ರ ಸಿಂಪಡಿಸಿ, ಉಳಿದ ಆರನ್ನು ಹಾಗೆಯೇ ಬಿಟ್ಟಿದ್ದೆ.

ನಮ್ಮ ಮಣ್ಣು ಹುಳಿ ಮಣ್ಣು. ಮುಂಗಾರಿನ ಜಡಿಮಳೆಯಲ್ಲಿ ಬೋರಾನ್ ನೀರಿನೊಡನೆ ಇಳಿದುಹೋಗುತ್ತದೆ; ಹುಳಿ ತಗ್ಗಿಸಲು ಸುಣ್ಣ ಹೆಚ್ಚು ಸುರಿದರೆ ಇದ್ದ ಸತುವೂ ಬೇರಿಗೆ ಸಿಗದಂತಾಗುತ್ತದೆ. ಬೋರಾನ್ ಕೊರತೆಯಾದರೆ ಗೆಣಸಿನ ಒಳಗೆ ಕಂದು ಕಲೆ ಮೂಡುತ್ತದೆ, ಬೀಟ್‌ರೂಟ್‌ನ ತಿರುಳು ಕಪ್ಪಾಗುತ್ತದೆ. ಹಿಂದಿನ ವರ್ಷ ಕೊಯ್ದ ಗೆಣಸಿನಲ್ಲಿ ಅಂಥ ಕಲೆ ಕಂಡದ್ದರಿಂದಲೇ ಈ ಪುಡಿಯನ್ನು ಕೊಂಡದ್ದು.

ಮೊದಲ ಸಿಂಪಡಣೆ ಅದೇ ಸಂಜೆಯ ಮಳೆಗೆ ತೊಳೆದುಹೋಯಿತು, ಆ ತಪ್ಪು ನನ್ನದೇ. ಬಿಡುವು ನೋಡಿ ಮತ್ತೆರಡು ಬಾರಿ ಸಿಂಪಡಿಸಿದ ಸಾಲುಗಳಲ್ಲಿ ಕಲೆಯ ಗೆಡ್ಡೆಗಳು ಬಹುಮಟ್ಟಿಗೆ ಇಲ್ಲವಾದವು. ತೂಕ ಮಾತ್ರ 39 ಕಿಲೋದಿಂದ 44 ಕಿಲೋಗೆ ಏರಿತಷ್ಟೆ, ಪೊಟ್ಟಣದ ಮೇಲೆ ಮುದ್ರಿಸಿದ ಭರವಸೆಗೆ ಇದು ಎಷ್ಟೂ ಸಾಲದು.

ನನ್ನ ದೊಡ್ಡ ಆಕ್ಷೇಪ ಅದರಲ್ಲಿರುವ ತಾಮ್ರದ ಬಗ್ಗೆ. ಕಾಫಿಗೂ ಮೆಣಸಿಗೂ ವರ್ಷವರ್ಷವೂ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತ ಬಂದ ನೆಲಕ್ಕೆ ಮತ್ತೆ ತಾಮ್ರವನ್ನು ಹಣ ಕೊಟ್ಟು ತರುವ ಅಗತ್ಯವೇನಿದೆ? ಅಂಗಡಿಯವರು ಈ ಪುಡಿಯನ್ನು ರಂಜಕವಿರುವ ಡಿಎಪಿ ಗೊಬ್ಬರದೊಂದಿಗೆ ಬೆರೆಸಿ ಬುಡಕ್ಕೂ ಹಾಕಬಹುದೆಂದರು. ಆದರೆ ರಂಜಕದೊಂದಿಗೆ ಸೇರಿದ ಸತು ನೀರಿನಲ್ಲಿ ಕರಗದ ರೂಪಕ್ಕೆ ತಿರುಗುವುದರಿಂದ ಆ ಸಲಹೆಯನ್ನು ನಾನು ಪಾಲಿಸಲಿಲ್ಲ.

ಈ ಪುಡಿಯಿಂದ ಗೆಣಸಿನ ಪೌಷ್ಟಿಕತೆ ಹೆಚ್ಚುತ್ತದೆಂಬ ಮಾತನ್ನು ಮನೆಯಲ್ಲಿ ಪರೀಕ್ಷಿಸಲು ದಾರಿಯಿಲ್ಲ. ಎ ಜೀವಸತ್ವಕ್ಕಾಗಿ ಗೆಣಸು ಬೆಳೆಯುವವರು ಪುಡಿಗಿಂತ ತಳಿಯನ್ನು ನೋಡುವುದು ಲೇಸು: ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಭೂ ಸೋನಾ’ ತಳಿಯ ಕಿತ್ತಳೆ ತಿರುಳಿನಲ್ಲಿ 100 ಗ್ರಾಂಗೆ ಸುಮಾರು 14 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ (ದೇಹ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ವಸ್ತು) ಇರುತ್ತದೆ.

ಈ ಬಾರಿ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿಕೊಂಡು, ಮಿಶ್ರಣದ ಬದಲು ಸತುವಿನ ಸಲ್ಫೇಟ್ ಮತ್ತು ಬೋರಾನ್ ಇರುವ ಬೋರಾಕ್ಸ್ ಬಿಡಿಬಿಡಿಯಾಗಿ ತರುತ್ತೇನೆ. ಬೋರಾನ್ ಸ್ವಲ್ಪ ಹೆಚ್ಚಾದರೂ ಎಲೆಯಂಚು ಸುಡುವುದರಿಂದ ಅದನ್ನು ಕಣ್ಣಳತೆಯಲ್ಲಿ ಹಾಕದೆ ತೂಗಿಯೇ ಹಾಕಬೇಕು. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಬೇಯಿಸುವ ಗೆಣಸಿನ ಬಳ್ಳಿಗೆ ಮಾತ್ರ ನಾನು ಇದಾವುದನ್ನೂ ಹಾಕುವುದಿಲ್ಲ, ಕೊಟ್ಟಿಗೆ ಗೊಬ್ಬರದಲ್ಲೇ ಅದು ಚೆನ್ನಾಗಿ ಬರುತ್ತಿದೆ.