ಅಂಗಳದಲ್ಲಿ ಎಂಜಿನ್ ಮೌಂಟಿಂಗ್ ಬದಲಿಸಲು ಹೊರಟವರು ಇದನ್ನೊಮ್ಮೆ ಓದಿ

ಹಳೇ ಕಾರಿನ ಎಂಜಿನ್ ಮೌಂಟಿಂಗ್ (ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ರಬ್ಬರು-ಕಬ್ಬಿಣದ ತುಂಡು) ಮನೆಯಲ್ಲೇ ಬದಲಿಸೋಣ ಅಂತ ಸ್ಪಾನರ್ ಹಿಡಿದಿದ್ದರೆ ಸ್ವಲ್ಪ ನಿಲ್ಲಿ. ಜಾಕಿ ಎಲ್ಲಿ ಕೊಡುತ್ತೀರಿ, ಯಾವ ನೆಲದ ಮೇಲೆ ಇಡುತ್ತೀರಿ, ಅದನ್ನು ಮೊದಲು ನೋಡಿ. ನಾನು ಎರಡನ್ನೂ ನೋಡಲಿಲ್ಲ.

ನಮ್ಮದು 2004ರ ಮಾರುತಿ 800. ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಮೂರು ಸಿಲಿಂಡರಿನ ಎಂಜಿನ್, ಸ್ವಲ್ಪ ನಡುಕ ಮೊದಲಿನಿಂದಲೂ ಇತ್ತು. ಕಳೆದ ವರ್ಷ ಅದು ಜಾಸ್ತಿಯಾಯಿತು. ಗಾಡಿ ನಿಲ್ಲಿಸಿದಾಗ ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುತ್ತಿತ್ತು, ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ ಮುಂದುಗಡೆ ಧಡ್ ಅಂತ ಶಬ್ದ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಮೌಂಟಿಂಗಿನ ರಬ್ಬರು ಕಬ್ಬಿಣದಿಂದ ಬಿಟ್ಟುಕೊಂಡಿದೆ. ಬಿರುಕಿನೊಳಗೆ ನಾಣ್ಯ ತೂರಿಸಬಹುದು, ಅಷ್ಟು. ಮೇಲಿನಿಂದ ಆಯಿಲ್ ಜಿನುಗಿ ರಬ್ಬರು ಉಬ್ಬಿ ಮೆತ್ತಗಾಗಿತ್ತು. ಹೀಗಿದ್ದರೆ ಸೋರಿಕೆ ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಹೊಸ ರಬ್ಬರೂ ಹಾಗೇ ಆಗುತ್ತದೆ.

ನಾಲ್ಕು ಬೋಲ್ಟ್ ಬಿಚ್ಚಿ ಹಾಕುವುದು ತಾನೆ, ವರ್ಕ್‌ಶಾಪಿಗೆ ಯಾಕೆ ಅನ್ನಿಸಿತು. ಭಾನುವಾರ ಬೆಳಗ್ಗೆ ಹೆಂಡತಿಯ ತಮ್ಮನನ್ನು ಕರೆದುಕೊಂಡು ಅಂಗಳದಲ್ಲೇ ಶುರು ಮಾಡಿದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಗಾಡಿಯ ಜೊತೆ ಬಂದ ಜಾಕಿಯಲ್ಲಿ ಮುಂಭಾಗ ಎತ್ತಿದೆವು. ಎತ್ತಿದ ಗಾಡಿಯ ಭಾರ ಹೊರುವ ಜಾಕಿ ಸ್ಟ್ಯಾಂಡ್ ಇರಲಿಲ್ಲ, ಮನೆ ಕಟ್ಟುವಾಗ ಉಳಿದ ಕೆಂಪುಕಲ್ಲು ಎರಡು ತಂದು ಕೆಳಗೆ ಇಟ್ಟೆವು. ಎಂಜಿನ್ ಕೆಳಗೆ ಇಳಿಯಬಾರದು ಅಂತ ಅದರ ಅಡಿಯಲ್ಲಿ ಆಯಿಲ್ ತುಂಬಿರುವ ತಗಡಿನ ಚೇಂಬರಿಗೆ ನೇರವಾಗಿ ಇನ್ನೊಂದು ಜಾಕಿ, ಬಾಟಲ್ ಜಾಕಿ, ಕೊಟ್ಟೆ. ಮಧ್ಯೆ ಹಲಗೆ ಇಡಲಿಲ್ಲ. ದೊಡ್ಡ ತಪ್ಪು ಅಲ್ಲೇ ಆದದ್ದು.

ಕೊನೆಯ ಬೋಲ್ಟ್ ಬಿಚ್ಚಿ, ಹಳೇ ಮೌಂಟಿಂಗ್ ಎಳೆಯಲು ಬ್ರಾಕೆಟ್ ಸಂದಿಗೆ ಕೈ ಹಾಕಿದ್ದೆ. ಬಾಟಲ್ ಜಾಕಿಯ ಬುಡ ಒದ್ದೆ ಮಣ್ಣಿನಲ್ಲಿ ಒಂದು ಬದಿಗೆ ಹೂತುಹೋಗುತ್ತಿದ್ದದ್ದು ನನಗೆ ಕಾಣುತ್ತಿರಲಿಲ್ಲ. ಹೆಂಡತಿಯ ತಮ್ಮನಿಗೆ ಕಂಡಿತು. "ಭಾವಾ, ಕೈ ತೆಗೀರಿ!" ಅಂತ ಕಿರುಚಿದ. ತೆಗೆದೆ, ಆದರೂ ಹೆಬ್ಬೆರಳಿನ ತುದಿ ಸಿಕ್ಕಿಕೊಂಡಿತು. ಎಂಜಿನ್ ಎರಡು ಇಂಚು ಕೆಳಗೆ ಕೂತಿತು, ರೇಡಿಯೇಟರ್ ಹೋಸ್ ಬಿಗಿದು ನಿಂತಿತು. ಕೆಂಪುಕಲ್ಲಿನ ಒಂದು ಮೂಲೆ ಪುಡಿಯಾಗಿ ಉದುರಿತ್ತು. ಗಾಡಿಯ ಭಾರ ಪೂರ್ತಿ ಅದರ ಮೇಲೆ ಬಂದಿದ್ದರೆ ಅನ್ನುವುದನ್ನು ನೆನೆಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹೇಗೋ ಮತ್ತೆ ಎತ್ತಿ ಹೊಸದು ಕೂರಿಸಿದೆವು. ಸ್ಟಾರ್ಟ್ ಮಾಡಿದರೆ ನಡುಕ ಅರ್ಧಕ್ಕರ್ಧ ಕಡಿಮೆ. ಖುಷಿಯಾಯಿತು.

ಮರುದಿನ ಪೇಟೆಗೆ ಹೋಗುವಾಗ ಏರಿನಲ್ಲಿ ಆಯಿಲ್ ಲೈಟ್ ಮಿನುಗಿತು. ಕೂಡಲೇ ಎಂಜಿನ್ ಆಫ್ ಮಾಡಿದೆ, ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಕಟ್ಟಿ ಎಳೆಸಿಕೊಂಡು ವರ್ಕ್‌ಶಾಪಿಗೆ ಹೋದೆ. ಮೆಕ್ಯಾನಿಕ್ ಚೇಂಬರ್ ಬಿಚ್ಚಿ ತೋರಿಸಿದರು. ತೆಳು ತಗಡಿನ ಅಡಿಯಲ್ಲಿ ಜಾಕಿಯ ತಲೆಯಷ್ಟೇ ದುಂಡಗಿನ ತಗ್ಗು. ಒಳಗೆ ಅದೇ ಜಾಗದಲ್ಲಿ ಆಯಿಲ್ ಹೀರುವ ಸ್ಟ್ರೈನರ್ (ಜಾಲರಿ) ಇರುತ್ತದೆ, ತಗ್ಗು ಹೋಗಿ ಅದರ ಬಾಯಿಗೇ ಒತ್ತಿಕೊಂಡಿತ್ತು. ಚೇಂಬರಿನಲ್ಲಿ ಆಯಿಲ್ ತುಂಬಾ ಇದೆ, ಪಂಪಿಗೆ ಮಾತ್ರ ಸಿಗುತ್ತಿಲ್ಲ. ಹಾಗೇ ಓಡಿಸಿದ್ದರೆ ಕ್ರ್ಯಾಂಕ್ ಬೇರಿಂಗ್ ಹೋಗಿ ಎಂಜಿನ್ನೇ ಇಳಿಸಬೇಕಾಗುತ್ತಿತ್ತು. ಹೊಸ ಚೇಂಬರ್, ಪ್ಯಾಕಿಂಗ್, ಆಯಿಲ್, ಕೂಲಿ ಎಲ್ಲ ಸೇರಿ, ಮೌಂಟಿಂಗಿಗೆ ಅವರು ಕೇಳುತ್ತಿದ್ದದ್ದರ ನಾಲ್ಕು ಪಟ್ಟು ಆಯಿತು.

ಇನ್ನೂ ಒಂದು ತೋರಿಸಿದರು. ಎಂಜಿನ್ ಜಾಕಿಯ ಮೇಲೆ ತೂಗುತ್ತಿದ್ದಾಗಲೇ ನಾನು ಬೋಲ್ಟ್ ಪೂರ್ತಿ ಬಿಗಿದಿದ್ದೆ, ಹೊಸ ರಬ್ಬರು ತಿರುಚಿಕೊಂಡು ಕೂತಿತ್ತು. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ಹಿಡಿಸಿ, ಜಾಕಿ ಇಳಿಸಿ, ಎಂಜಿನ್ ತನ್ನ ಭಾರದಲ್ಲಿ ಕೂತ ಮೇಲೆ ಬಿಗಿಯಬೇಕಂತೆ.

ಅದಕ್ಕೇ ಹೇಳುವುದು, ಮಾಡಲೇಬೇಕು ಅಂತಿದ್ದರೆ ಸಿಮೆಂಟ್ ನೆಲದಲ್ಲಿ ಮಾಡಿ. ಜಾಕಿ ಸ್ಟ್ಯಾಂಡ್ ಇಲ್ಲದೆ ಬೇಡ, ಕೆಂಪುಕಲ್ಲಂತೂ ಬೇಡವೇ ಬೇಡ. ಚೇಂಬರಿಗೆ ಜಾಕಿ ಕೊಡುವ ಮೊದಲು ಅದರ ಅಡಿ ಪೂರ್ತಿ ಮುಚ್ಚುವಷ್ಟು ಅಗಲದ ದಪ್ಪ ಹಲಗೆ ಇಡಿ, ಎಂಜಿನ್ ತೂಕ ತಡೆಯುವಷ್ಟೇ ಎತ್ತಿ. ಒಂದು ಮೌಂಟಿಂಗ್ ಮುಗಿಯದೆ ಇನ್ನೊಂದನ್ನು ಮುಟ್ಟಬೇಡಿ. ಒಬ್ಬರೇ ಮಾಡಬೇಡಿ, ಹೆಂಡತಿಯ ತಮ್ಮ ಇಲ್ಲದಿದ್ದರೆ ನನ್ನ ಬೆರಳು ಇರುತ್ತಿರಲಿಲ್ಲ.

ಗೇರ್‌ಬಾಕ್ಸ್ ಕಡೆಯ ಮೌಂಟಿಂಗ್ ಇನ್ನೂ ಹಳೆಯದೇ ಇದೆ. ಅದನ್ನು ವರ್ಕ್‌ಶಾಪಿನಲ್ಲೇ ಹಾಕಿಸುತ್ತೇನೆ.