ಚರಂಡಿಗೆ ಕೊಳಚೆ ಎಲ್ಲಿ ಸೇರುತ್ತಿದೆ? ನಾವು ನೋಡಿದ ದಾರಿಗಳು, ನನ್ನ ಆಯ್ಕೆ

ಬೆಂಗಳೂರಿನಲ್ಲಿ ಮಳೆನೀರಿನ ಚರಂಡಿ ಬೇರೆ, ಶೌಚಾಲಯದ ನೀರು ಹೋಗುವ ಯುಜಿಡಿ (ಒಳಚರಂಡಿ) ಲೈನ್ ಬೇರೆ. ಯುಜಿಡಿ ನೀರು ಶುದ್ಧೀಕರಣ ಘಟಕಕ್ಕೆ ಹೋಗಬೇಕು. ಚರಂಡಿ ನೀರು ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ ಹಿಡಿದು ಹಾಗೇ ಕೆರೆಗೋ ಹೊಳೆಗೋ ಸೇರುತ್ತದೆ. ನಮ್ಮ ಬಡಾವಣೆ ಕೆಂಗೇರಿ ಕಡೆ ಇದೆ. ಇಲ್ಲಿ ಚರಂಡಿಗೆ ಬಿದ್ದದ್ದು ವೃಷಭಾವತಿ ಹೊಳೆಗೆ ಹೋಗುತ್ತದೆ. ಅಲ್ಲಿಂದ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ ನದಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಬೈರಮಂಗಲದ ಸುತ್ತಮುತ್ತ ರೈತರು ಆ ನೀರಿನಲ್ಲೇ ಬೆಳೆ ತೆಗೆದಿದ್ದಾರೆ. ಹೀಗಿರುವಾಗ ಬಿರುಬೇಸಿಗೆಯಲ್ಲೂ ನಮ್ಮ ಚರಂಡಿಯಲ್ಲಿ ಬೂದು ನೀರು ಹರಿಯುತ್ತಿದ್ದರೆ ನೋಡಿಕೊಂಡು ಸುಮ್ನಿರಲು ಆಗಲ್ಲ ಅಲ್ವಾ? ಅಕ್ಕಪಕ್ಕದವರು ಕೆಲವರು ಸೇರಿ ಇದರ ಮೂಲ ಹುಡುಕಲು ಇಳಿದೆವು.

ಮೊದಲ ದಾರಿ ಬರೀ ನಡಿಗೆ. ಖರ್ಚಿಲ್ಲ, ಸಾಮಾನು ಬೇಡ. ಆದರೆ ಕಾಲ ಮತ್ತು ಹೊತ್ತು ಸರಿಯಾಗಿರಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಚರಂಡಿ ಒಣಗಿರಬೇಕು. ಆಗಲೂ ನೀರು ಹರಿಯುತ್ತಿದ್ದರೆ ಅದು ಮಳೆಯದ್ದಲ್ಲ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ ಒಳಗೆ ಹೋಗಬೇಕು. ಮನೆಮನೆಯಲ್ಲೂ ಸ್ನಾನ, ಬಟ್ಟೆ ಒಗೆಯುವುದು ನಡೆಯುವ ಹೊತ್ತು ಅದು. ಹನ್ನೊಂದರ ಮೇಲೆ ಹೋದರೆ ಹರಿವು ಕಡಿಮೆಯಾಗಿ ಏನೂ ಗೊತ್ತಾಗುವುದಿಲ್ಲ. ನಲ್ಲಿಗೆ ಕಾವೇರಿ ನೀರು ಬಿಡುವ ದಿನ ಇನ್ನೂ ಒಳ್ಳೆಯದು, ಹರಿವು ಎದ್ದು ಕಾಣುತ್ತದೆ. ರಾಜಕಾಲುವೆ ಕಡೆಯಿಂದ ಶುರುಮಾಡಿ ಮೇಲಕ್ಕೆ ನಡೆಯಿರಿ. ನಮಗೆ ಸಿಕ್ಕ ಮೊದಲ ಜಾಗ ಒಂದು ಪಿಜಿ ಕಟ್ಟಡದ ಹಿಂದೆ ಇತ್ತು. ಒಂದು ಚಪ್ಪಡಿ ಕಲ್ಲಿನ ಮೇಲ್ಗಡೆ ಚರಂಡಿ ತಳದಲ್ಲಿ ಒಣ ಹೊಂಗೆ ಎಲೆ ಬಿದ್ದಿತ್ತು. ಅದೇ ಕಲ್ಲಿನ ಕೆಳಗಡೆ ಗೋಡೆಗೆಲ್ಲ ಕಪ್ಪು ಲೋಳೆ, ಮೇಲೆ ಸೋಪಿನ ನೊರೆ. ಬಗ್ಗಿ ಟಾರ್ಚ್ ಹಾಕಿದರೆ ಕಲ್ಲಿನ ಅಡಿಯಲ್ಲಿ ನಾಲ್ಕಿಂಚಿನ ಪಿವಿಸಿ ಪೈಪಿನ ಬಾಯಿ.

ನಡಿಗೆ ಎಲ್ಲಿ ಸೋಲುತ್ತದೆ ಅಂದರೆ, ತಿಳಿನೀರು ಕಂಡಾಗ. ಅದು ಒಡೆದ ಕಾವೇರಿ ಪೈಪಿನದ್ದಾ, ಕಟ್ಟಡದ ಬೇಸ್‌ಮೆಂಟಿನಿಂದ ಪಂಪ್ ಮಾಡಿ ಬಿಟ್ಟದ್ದಾ, ತೆಳುವಾದ ಕೊಳಚೆಯಾ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಇಲ್ಲಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಅಮೋನಿಯ ಕಿಟ್ ನಿಜಕ್ಕೂ ಕೆಲಸಕ್ಕೆ ಬಂತು. ಟ್ಯೂಬಿಗೆ ನೀರು ತುಂಬಿ, ಹನಿ ಹಾಕಿ, ಐದು ನಿಮಿಷ ಬಿಟ್ಟು ಬಣ್ಣ ನೋಡುವುದು. ಹಳದಿಯಲ್ಲೇ ಉಳಿದರೆ ಅಮೋನಿಯ ಇಲ್ಲ, ಹಸಿರಿಗೆ ತಿರುಗಿದರೆ ಇದೆ, ಅಂದರೆ ಕೊಳಚೆ ಸೇರಿರಬಹುದು. ಒಂದು ಎಚ್ಚರಿಕೆ. ಈ ಕಿಟ್ ಮೀನಿನ ತೊಟ್ಟಿಗೆಂದು ಮಾಡಿದ್ದು. ನಾವು ತಂದದ್ದರ ಅಳತೆ 8 ಪಿಪಿಎಂಗೆ (ಹತ್ತು ಲಕ್ಷ ಪಾಲಿನಲ್ಲಿ 8 ಪಾಲು) ಮುಗಿಯುತ್ತದೆ. ಹಸಿ ಕೊಳಚೆಯಲ್ಲಿ 20ಕ್ಕೂ ಜಾಸ್ತಿ ಇರುವುದು ಮಾಮೂಲಿ. ಹಾಗಾಗಿ ಒಂದು ಪಾಲು ಚರಂಡಿ ನೀರಿಗೆ ಒಂಬತ್ತು ಪಾಲು ಬಾಟಲಿ ನೀರು ಬೆರೆಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಬೇಕು. ಕೈಗೆ ಗ್ಲೌಸ್ ಬೇಕೇ ಬೇಕು.

ಲ್ಯಾಬ್ ಪರೀಕ್ಷೆ ಮೂರನೆಯದು. ಚರಂಡಿ ನೀರು ತುಂಬಿದ ಬಾಟಲಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ ಅಳೆಯಲು ನಮ್ಮಲ್ಲಿ 27 ಡಿಗ್ರಿಯಲ್ಲಿ 3 ದಿನ ಇಡುವ ಪದ್ಧತಿ, ಅಂದಮೇಲೆ ವರದಿ ತಡವಾಗುವುದು ಸಹಜ. ನೀರು ಎಷ್ಟು ಕೆಟ್ಟಿದೆ ಅಂತ ಅದು ಹೇಳುತ್ತದೆ, ಎಲ್ಲಿಂದ ಕೆಟ್ಟಿತು ಅಂತ ಹೇಳುವುದಿಲ್ಲ. ಬರಹದಲ್ಲಿ ದೂರು ಕೊಡುವಾಗ ಜೊತೆಗಿಡಲು ಒಂದು ವರದಿ ಇದ್ದರೆ ತೂಕ ಬರುತ್ತದೆ. ಅದಕ್ಕಿಂತ ಹೆಚ್ಚು ದುಡ್ಡು ಸುರಿಯುವುದು ನನಗೆ ಸರಿ ಕಾಣಲಿಲ್ಲ.

ಬಣ್ಣದ ಪರೀಕ್ಷೆ ಮಾತ್ರ ಇಂಥದ್ದೇ ಮನೆ ಅಂತ ತೋರಿಸಿಕೊಡುತ್ತದೆ. ಶೌಚಾಲಯದಲ್ಲಿ ಬಣ್ಣ ಹಾಕಿ ಫ್ಲಶ್ ಮಾಡಿ, ಅದು ಯುಜಿಡಿ ಚೇಂಬರಿನಲ್ಲಿ ಕಾಣುತ್ತದಾ ಚರಂಡಿಯಲ್ಲಿ ಕಾಣುತ್ತದಾ ಅಂತ ನೋಡುವುದು. ಕೇಸರಿಬಾತಿಗೆ ಹಾಕುವ ಬಣ್ಣ ಬೂದು ನೀರಿನಲ್ಲಿ ಕಳೆದುಹೋಗುತ್ತದೆ. ಕೆಮಿಕಲ್ ಅಂಗಡಿಯ ಫ್ಲೋರೊಸೀನ್ ಅನ್ನುವ ಬಣ್ಣದ ಪುಡಿ ಚಿಟಿಕೆ ಹಾಕಿದರೂ ಹಸಿರಾಗಿ ಹೊಳೆಯುತ್ತದೆ. ಆದರೆ ಮನೆಯವರು ಒಪ್ಪಬೇಕು. ನಮ್ಮ ಬೀದಿಯ ಅಜ್ಜಿಯೊಬ್ಬರು "ನಮ್ಮನೇದೇ ಮೊದಲು ನೋಡ್ರಪ್ಪ" ಅಂತ ಬಾಗಿಲು ತೆಗೆದರು. ಅವರು ಒಪ್ಪಿದ ಮೇಲೆ ಉಳಿದವರೂ ಒಪ್ಪಿದರು. ಹೆಚ್ಚಿನ ಮನೆಯವರಿಗೆ ತಮ್ಮ ಪೈಪು ಎಲ್ಲಿಗೆ ಸೇರಿದೆ ಅಂತಲೇ ಗೊತ್ತಿರಲಿಲ್ಲ, ಕಟ್ಟಿಸುವಾಗ ಮೇಸ್ತ್ರಿ ಮಾಡಿದ್ದು. ಇದನ್ನು ಜಗಳವಾಗಿ ಮಾಡಬೇಡಿ.

ಒಂದೇ ಆರಿಸಿ ಅಂದರೆ ನಾನು ನಡಿಗೆಯನ್ನೇ ಆರಿಸುತ್ತೇನೆ. ಅನುಮಾನ ಬಂದಲ್ಲಿ ಕಿಟ್, ಕೊನೆಯ ಮೂರ್ನಾಲ್ಕು ಮನೆಗೆ ಬಂದು ನಿಂತಾಗ ಬಣ್ಣ. ಸಿಕ್ಕಿದ ಮೇಲೆ ದೂರು ಸರಿಯಾದ ಕಡೆ ಹೋಗಬೇಕು. ಯುಜಿಡಿ ಉಕ್ಕುತ್ತಿದ್ದರೆ ಜಲಮಂಡಳಿಯ 1916. ಚರಂಡಿ ಕಟ್ಟಿಕೊಂಡಿದ್ದರೆ ಪಾಲಿಕೆಯ 1533.

ಕಸ ತಡೆಯುವುದು ಬೇರೆಯೇ ಲೆಕ್ಕ. ಚರಂಡಿ ರಾಜಕಾಲುವೆಗೆ ಸೇರುವ ಬಾಯಿಯಲ್ಲಿ ಕಬ್ಬಿಣದ ಜಾಲರಿಯನ್ನೂ ನೈಲಾನ್ ಬಲೆಯನ್ನೂ ಹಾಕಿ ನೋಡಿದೆವು. ಬಲೆ ಶಾಂಪೂ ಸ್ಯಾಚೆ, ಗುಟ್ಕಾ ಚೀಟಿಯನ್ನೂ ಹಿಡಿಯುತ್ತದೆ. ಆದರೆ ಒಂದು ಜೋರು ಮಳೆಗೆ ತುಂಬಿ ಭಾರವಾಗಿ, ಕಟ್ಟಿದ ಕಡೆಯೇ ಹರಿಯಿತು. ಜಾಲರಿಯಲ್ಲಿ ಕಂಬಿಗಳ ನಡುವಿನ ಅಂತರವೇ ಮುಖ್ಯ. ಎರಡಿಂಚು ಇಟ್ಟಾಗ ಎಲೆ, ಪ್ಲಾಸ್ಟಿಕ್ ಕವರ್, ಎಳನೀರು ಬುರುಡೆ ಸೇರಿ ಅಡ್ಡಗೋಡೆಯಾಯಿತು, ನೀರು ರಸ್ತೆಗೆ ಬಂತು. ನಾಲ್ಕಿಂಚು ಬಿಟ್ಟು, ಕಂಬಿಗಳನ್ನು ಓರೆಯಾಗಿ ನಿಲ್ಲಿಸಿ, ಮೇಲ್ಗಡೆ ಒಂದು ಗೇಣು ತೆರೆದಿಟ್ಟ ಮೇಲೆ ನಿಭಾಯಿಸಿತು. ಓರೆಯಾಗಿದ್ದರೆ ಕಸ ಮೇಲಕ್ಕೆ ಜಾರುತ್ತದೆ, ರಸ್ತೆಯಲ್ಲೇ ನಿಂತು ಕೊಕ್ಕೆ ಕೋಲಿನಲ್ಲಿ ಎಳೆಯಬಹುದು. ಸಣ್ಣ ಸ್ಯಾಚೆ ನುಸುಳುತ್ತದೆ, ನಿಜ. ಆದರೂ ನನ್ನ ಮತ ಜಾಲರಿಗೇ. ಪ್ರತಿ ಮಳೆಯ ನಂತರ ಕಸ ತೆಗೆಯಲು ಯಾರಾದರೂ ಒಪ್ಪಿಕೊಂಡಿದ್ದರೆ ಮಾತ್ರ ಹಾಕಿಸಿ. ಯಾರನ್ನೂ ಚರಂಡಿ ಒಳಗೆ, ಮ್ಯಾನ್‌ಹೋಲ್ ಒಳಗೆ ಇಳಿಸಬೇಡಿ. ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಇಳಿಸಿ ಸ್ವಚ್ಛ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒತ್ತಡದ ನೀರು ಬಿಟ್ಟು ಲೈನ್ ತೆರವು ಮಾಡುವ ಜೆಟ್ಟಿಂಗ್ ಯಂತ್ರ ಬರುವವರೆಗೆ ಕಾದರೂ ಪರವಾಗಿಲ್ಲ.

ಹೂಳು ತೆಗೆಸುವ ಕೆಲಸ ಏಪ್ರಿಲ್‌ನಲ್ಲಿ ಒಂದು ಸಲ, ಆಗಸ್ಟ್‌ನಲ್ಲಿ ಇನ್ನೊಂದು ಸಲ ಆದರೆ ಒಳ್ಳೆಯದು. ಬೆಂಗಳೂರಿಗೆ ಸೆಪ್ಟೆಂಬರ್ ಮಳೆಯೇ ಜಾಸ್ತಿ. ತೆಗೆದ ಹೂಳನ್ನು ಒಣಗಲಿ ಅಂತ ದಡದಲ್ಲೇ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಅಷ್ಟೂ ವಾಪಸ್ ಒಳಗೆ ಬೀಳುತ್ತದೆ. ಆದ್ದರಿಂದ ನಾವು ಈಗ ಟ್ರ್ಯಾಕ್ಟರ್ ಬಂದು ನಿಂತ ಮೇಲೇ ಹೂಳೆತ್ತಲು ಶುರುಮಾಡಿ ಅಂತ ಕೇಳಿಕೊಳ್ಳುತ್ತೇವೆ.